ಕಡಿಮೆ ಬೆಲೆಯ ಬೋರ್ಡ್ ಮೇಲೆ ಓವರ್‌ಕ್ಲಾಕ್: ಬಿಸಿಯಾಗುತ್ತಿರುವುದು ನಿಮ್ಮ ಪ್ರೊಸೆಸರ್ ಅಲ್ಲ

ಪ್ರಶ್ನೆ: ನನ್ನ ಹತ್ತಿರ ಎಎಂಡಿಯ ರೈಜನ್ 5 5600 ಪ್ರೊಸೆಸರ್ ಇದೆ. ಮದರ್‌ಬೋರ್ಡ್ ಕಡಿಮೆ ಬೆಲೆಯ ಬಿ450, ಸಾಕೆಟ್ ಸುತ್ತ ಹೀಟ್‌ಸಿಂಕ್ ಏನೂ ಇಲ್ಲ. ಒಂದು ವಿಡಿಯೊ ನೋಡಿ ಓವರ್‌ಕ್ಲಾಕ್ ಮಾಡಲು, ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸಲು, ಎಲ್ಲ ಕೋರ್‌ಗಳನ್ನೂ 4.6 ಗಿಗಾಹರ್ಟ್ಸ್‌ಗೆ ಇಟ್ಟು ವೋಲ್ಟೇಜ್ 1.4 ಮಾಡಿದೆ. ಮೊದಲ ಐದಾರು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಗೇಮ್ ನಿಂತೇ ಹೋದಂತಾಗಿ, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಸರಿಯಾಗುತ್ತದೆ. ಕೂಲರ್ ಸಾಲುತ್ತಿಲ್ಲ ಅಂದುಕೊಂಡು, ಬಾಕ್ಸ್ ಜೊತೆ ಬಂದ ಕೂಲರ್ ತೆಗೆದು ದೊಡ್ಡ ಟವರ್ ಕೂಲರ್ ಹಾಕಿದೆ. ಈಗ ಪ್ರೊಸೆಸರ್ 75 ಡಿಗ್ರಿ ದಾಟುವುದಿಲ್ಲ, ಆದರೆ ತೊಂದರೆ ಮೊದಲಿಗಿಂತ ಜಾಸ್ತಿಯಾಗಿದೆ. ಪ್ರೊಸೆಸರ್ ಕೆಟ್ಟಿದೆಯಾ? ಇನ್ನೂ ವೋಲ್ಟೇಜ್ ಕೊಡಬೇಕಾ? ಅಥವಾ ಬೋರ್ಡನ್ನೇ ಬದಲಿಸಬೇಕಾ? ಇನ್ನೊಂದು: 3200ರ ಎರಡು ರ‍್ಯಾಮ್ ಹಾಕಿದ್ದರೂ ಟಾಸ್ಕ್ ಮ್ಯಾನೇಜರ್ 2400 ಎಂದು ತೋರಿಸುತ್ತದೆ. ಅದು ಸರಿಯಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ. ಆಮೇಲೆ ನಿಧಾನವಾಗಿ ಇದನ್ನು ಓದಿ. 1.4 ವೋಲ್ಟ್‌ನಲ್ಲಿ ಆ ಬೋರ್ಡನ್ನು ಇನ್ನೊಂದು ದಿನವೂ ಓಡಿಸಬೇಡಿ.

ನಿಮ್ಮ ಪ್ರೊಸೆಸರ್ ಕೆಟ್ಟಿಲ್ಲ. ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ಕೂಲರ್ ಬದಲಿಸಿದ ಮೇಲೆ ಪ್ರೊಸೆಸರ್ ತಣ್ಣಗಾಯಿತು, ತೊಂದರೆ ಮಾತ್ರ ಹೆಚ್ಚಾಯಿತು ಅಂದಿರಿ. ಹಾಗಾದರೆ ಬಿಸಿಯಾಗುತ್ತಿರುವುದು ಬೇರೆ ಯಾವುದೋ ಇರಬೇಕು, ಅಲ್ವಾ? ಅದು ಬೋರ್ಡ್ ಮೇಲಿರುವ ವಿಆರ್‌ಎಂ.

ಪವರ್ ಸಪ್ಲೈಯಿಂದ ಪ್ರೊಸೆಸರ್‌ಗಾಗಿ ಬರುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾಗಿರುವುದು 1.2 ವೋಲ್ಟ್ ಆಸುಪಾಸು. ನಡುವೆ ಈ ಇಳಿಸುವ ಕೆಲಸ ಮಾಡುವುದೇ ವಿಆರ್‌ಎಂ. ಸಾಕೆಟ್‌ನ ಎಡಕ್ಕೆ ಮತ್ತು ಮೇಲಕ್ಕೆ ಸಾಲಾಗಿ ಬೂದು ಬಣ್ಣದ ಚೌಕ ಡಬ್ಬಿಗಳು ಕಾಣುತ್ತವೆ, ಅವು ಚೋಕ್‌ಗಳು. ಅವುಗಳ ಪಕ್ಕದ ಚಪ್ಪಟೆ ಕಪ್ಪು ಚಿಪ್‌ಗಳು ಮಾಸ್‌ಫೆಟ್‌ಗಳು. ಬಿಸಿಯೆಲ್ಲ ಮುಖ್ಯವಾಗಿ ಹುಟ್ಟುವುದು ಈ ಮಾಸ್‌ಫೆಟ್‌ಗಳಲ್ಲಿ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತಾ ಇರುತ್ತವೆ. ಪ್ರತಿ ಸಲವೂ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ಜೊತೆಗೆ ಕರೆಂಟ್ ಹರಿಯುವಾಗ ಅವುಗಳ ಒಳಗಿನ ರೆಸಿಸ್ಟೆನ್ಸ್‌ನಿಂದಲೂ ಶಾಖ ಬರುತ್ತದೆ, ಇದು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಕಾಲು ಭಾಗ ಜಾಸ್ತಿಯಾದರೆ ಈ ಶಾಖ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಒಂದು ಚೋಕ್ ಮತ್ತು ಅದರ ಮಾಸ್‌ಫೆಟ್‌ಗಳು ಸೇರಿದ ಗುಂಪಿಗೆ ಫೇಸ್ ಅನ್ನುತ್ತಾರೆ. ದುಬಾರಿ ಬೋರ್ಡ್‌ನಲ್ಲಿ ಈ ಕೆಲಸವನ್ನು ಹತ್ತು, ಹನ್ನೆರಡು ಫೇಸ್‌ಗಳು ಹಂಚಿಕೊಳ್ಳುತ್ತವೆ, ಮೇಲೆ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂತಿರುತ್ತದೆ. ಕಡಿಮೆ ಬೆಲೆಯ ಬೋರ್ಡ್‌ನಲ್ಲಿ ಕೋರ್‌ಗಳಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಫೇಸ್ ಇರುತ್ತವೆ. ಹೀಟ್‌ಸಿಂಕ್ ಇಲ್ಲದಿದ್ದರೆ ಆ ಶಾಖಕ್ಕೆ ಬೋರ್ಡಿನ ತಾಮ್ರದ ಪದರವೇ ಗತಿ. ಬಾಕ್ಸ್ ಮೇಲೆ ಬರೆದ ಫೇಸ್‌ಗಳ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದೇ ಫೇಸ್‌ಗೆ ಎರಡು ಜೋಡಿ ಮಾಸ್‌ಫೆಟ್ ಹಾಕಿ ಅದನ್ನು ಎರಡು ಎಂದು ಎಣಿಸುವ ರೂಢಿ ಇದೆ.

ಈಗ ನಿಮಗೆ ಆಗಿದ್ದೇನು ನೋಡೋಣ. ವಿಆರ್‌ಎಂ ಒಂದು ಮಿತಿ ದಾಟಿ ಬಿಸಿಯಾದಾಗ ಬೋರ್ಡ್ ಪ್ರೊಸೆಸರ್‌ಗೆ ಸಿಗ್ನಲ್ ಕೊಡುತ್ತದೆ. ಅದಕ್ಕೆ ಪ್ರೊಕ್‌ಹಾಟ್ ಅನ್ನುತ್ತಾರೆ. ಸಿಗ್ನಲ್ ಬಂದ ಕೂಡಲೇ ರೈಜನ್ ಸ್ವಲ್ಪ ಸ್ವಲ್ಪವಾಗಿ ಇಳಿಯುವುದಿಲ್ಲ, ನೇರವಾಗಿ 550 ಮೆಗಾಹರ್ಟ್ಸ್ ಆಸುಪಾಸಿಗೆ ಬೀಳುತ್ತದೆ. ಗೇಮ್ ನಿಂತೇ ಹೋದಂತೆ ಅನ್ನಿಸುವುದು ಅದಕ್ಕೇ. ಕೆಲವು ಸೆಕೆಂಡ್‌ನಲ್ಲಿ ವಿಆರ್‌ಎಂ ತಣ್ಣಗಾಗುತ್ತದೆ, ಸಿಗ್ನಲ್ ಹೋಗುತ್ತದೆ, ವೇಗ ಮತ್ತೆ ಬರುತ್ತದೆ, ಮತ್ತೆ ಬಿಸಿಯಾಗುತ್ತದೆ. ಐದಾರು ನಿಮಿಷ ಸರಿಯಾಗಿ ಓಡುವುದು ಯಾಕೆಂದರೆ ತಾಮ್ರ, ಚೋಕ್, ಬೋರ್ಡ್ ಎಲ್ಲ ಕಾಯಲು ಅಷ್ಟು ಹೊತ್ತು ಬೇಕು. ಪ್ರೊಸೆಸರ್ ತಾನೇ ಬಿಸಿಯಾಗಿದ್ದರೆ ಲಕ್ಷಣ ಬೇರೆ ಇರುತ್ತಿತ್ತು, ವೇಗ ಇಷ್ಟು ಪಾತಾಳಕ್ಕೆ ಇಳಿಯುತ್ತಿರಲಿಲ್ಲ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ನೀವೇ ನೋಡಿಕೊಳ್ಳಬಹುದು. ಎಚ್‌ಡಬ್ಲ್ಯೂಇನ್ಫೋ ಎಂಬ, ತಾಪಮಾನ ಮತ್ತು ವೇಗ ತೋರಿಸುವ ತಂತ್ರಾಂಶ ತೆರೆದು ಸೆನ್ಸರ್ ಪಟ್ಟಿಯಲ್ಲಿ ಪ್ರೊಸೆಸರ್ ಭಾಗಕ್ಕೆ ಹೋಗಿ. ಅಲ್ಲಿ ಥರ್ಮಲ್ ಥ್ರಾಟ್ಲಿಂಗ್ ಎಂಬ ಹೆಸರಿನ ಮೂರು ಸಾಲು ಇರುತ್ತವೆ. ಒಂದರಲ್ಲಿ ಪ್ರೊಕ್‌ಹಾಟ್ ಜೊತೆ ಇಎಕ್ಸ್‌ಟಿ ಎಂದು ಇರುತ್ತದೆ, ಅಂದರೆ ಸಿಗ್ನಲ್ ಹೊರಗಿನಿಂದ ಬಂದಿದೆ ಎಂದರ್ಥ. ಗೇಮ್ ಒಮ್ಮೆ ನಿಂತು ಹೊರಟ ಮೇಲೆ ಆ ಸಾಲಿನಲ್ಲಿ ಯೆಸ್ ಎಂದು ದಾಖಲಾಗಿದ್ದರೆ, ನಿಲ್ಲಿಸಿದ್ದು ಬೋರ್ಡ್.

ಟವರ್ ಕೂಲರ್ ಹಾಕಿದ್ದರಿಂದ ಯಾಕೆ ಹೆಚ್ಚಾಯಿತು ಎಂಬುದು ನನಗೆ ಈ ವಿಷಯದಲ್ಲೇ ತುಂಬಾ ಇಷ್ಟವಾದ ಭಾಗ, ಯಾಕೆಂದರೆ ಇದನ್ನು ಬಹಳ ಜನ ಗಮನಿಸುವುದಿಲ್ಲ. 5600ರ ಜೊತೆ ಬರುವ ರೈತ್ ಸ್ಟೆಲ್ತ್ ಕೂಲರ್ ಚಿಕ್ಕದು, ಪ್ರೊಸೆಸರ್‌ಗೆ ಅಷ್ಟೇನೂ ಶಕ್ತಿಶಾಲಿಯಲ್ಲ. ಆದರೆ ಅದರ ಫ್ಯಾನ್ ಗಾಳಿಯನ್ನು ಕೆಳಗೆ, ಬೋರ್ಡಿನ ಕಡೆಗೆ ಊದುತ್ತದೆ. ಆ ಗಾಳಿ ಬೋರ್ಡಿಗೆ ತಾಗಿ ನಾಲ್ಕೂ ಕಡೆ ಹರಡಿ ಮಾಸ್‌ಫೆಟ್‌ಗಳ ಮೇಲೆ ಹಾಯುತ್ತದೆ. ಟವರ್ ಕೂಲರ್ ಗಾಳಿಯನ್ನು ಬೋರ್ಡಿಗೆ ಸಮಾಂತರವಾಗಿ, ಎತ್ತರದಲ್ಲಿ ಹಾಯಿಸುತ್ತದೆ. ಪ್ರೊಸೆಸರ್‌ಗೆ ಒಳ್ಳೆಯದಾಯಿತು, ವಿಆರ್‌ಎಂಗೆ ಇದ್ದ ಒಂದೇ ಒಂದು ಫ್ಯಾನ್ ಹೋಯಿತು. ನೀರಿನ ಕೂಲರ್ ಹಾಕಿದರೆ ಸಾಕೆಟ್ ಸುತ್ತ ಗಾಳಿ ಇನ್ನೂ ಕಡಿಮೆ.

ಇನ್ನು ಆ 1.4 ವೋಲ್ಟ್ ವಿಷಯ. ಪ್ರೊಸೆಸರ್ ಎಳೆಯುವ ಶಕ್ತಿ ವೇಗಕ್ಕೆ ನೇರವಾಗಿ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಲೆಕ್ಕ ಮಾಡೋಣ. ಪೂರ್ತಿ ಲೋಡ್‌ನಲ್ಲಿ 4.3 ಗಿಗಾಹರ್ಟ್ಸ್, 1.2 ವೋಲ್ಟ್ ಇತ್ತು ಅಂದುಕೊಳ್ಳಿ. ಅದನ್ನು 4.6 ಮತ್ತು 1.4ಕ್ಕೆ ಒಯ್ದರೆ ವೇಗ ಹೆಚ್ಚಿದ್ದು ಶೇಕಡಾ 7. ವೋಲ್ಟೇಜಿನ ಪಾಲು 1.36 ಪಟ್ಟು. ಎರಡನ್ನೂ ಗುಣಿಸಿದರೆ ಶಕ್ತಿ ಸುಮಾರು 1.46 ಪಟ್ಟು. ಶೇಕಡಾ 7 ವೇಗಕ್ಕೆ ಶೇಕಡಾ 46 ಹೆಚ್ಚು ಶಕ್ತಿ. ಬಿಸಿಯಾದಂತೆ ಹೆಚ್ಚುವ ಲೀಕೇಜ್ (ಚಿಪ್‌ನೊಳಗೆ ವ್ಯರ್ಥವಾಗಿ ಸೋರುವ ಕರೆಂಟ್) ಇದರಲ್ಲಿ ಸೇರಿಲ್ಲ, ಅದನ್ನೂ ಸೇರಿಸಿದರೆ ಇನ್ನೂ ಜಾಸ್ತಿ. ಎಎಂಡಿ ಈ ಪ್ರೊಸೆಸರ್‌ಗೆ ಇಟ್ಟಿರುವ ಒಟ್ಟು ಮಿತಿ 76 ವ್ಯಾಟ್. ನಿಮ್ಮ ಬೋರ್ಡನ್ನು ಮಾಡಿದವರೂ ಇಂಥ 65 ವ್ಯಾಟ್ ವರ್ಗದ (ಇದು ವರ್ಗದ ಹೆಸರು, ನಿಜವಾದ ಮಿತಿ ಅದಕ್ಕಿಂತ ಹೆಚ್ಚು) ಪ್ರೊಸೆಸರ್‌ಗಳು ಹಾಯಾಗಿ ಓಡಲಿ ಎಂದೇ ಲೆಕ್ಕ ಹಾಕಿರುತ್ತಾರೆ. ಕೈಯಾರೆ ವೇಗ ಮತ್ತು ವೋಲ್ಟೇಜ್ ಇಟ್ಟ ಕ್ಷಣ ಆ 76ರ ಮಿತಿ ಲೆಕ್ಕಕ್ಕೇ ಬರುವುದಿಲ್ಲ.

ವಿಡಿಯೊ ಮಾಡಿದವರು ಸುಳ್ಳು ಹೇಳಿದ್ದಾರೆ ಎಂದಲ್ಲ. ಅವರ ಬೋರ್ಡ್‌ನಲ್ಲಿ ಅದು ಓಡಿರುತ್ತದೆ. ಅವರ ಚಿಪ್ ಬೇರೆ, ನಿಮ್ಮ ಚಿಪ್ ಬೇರೆ, ಬೋರ್ಡ್ ಅಂತೂ ಪೂರ್ತಿ ಬೇರೆ. ಇನ್ನೊಬ್ಬರ ವೋಲ್ಟೇಜನ್ನು ನಕಲು ಮಾಡುವುದು ಇನ್ನೊಬ್ಬರ ಕನ್ನಡಕ ಹಾಕಿಕೊಂಡ ಹಾಗೆ.

ಓವರ್‌ಕ್ಲಾಕ್ ಅಂದರೆ ವೋಲ್ಟೇಜ್ ಏರಿಸುವುದು ಎಂಬ ಯೋಚನೆ ಹಳೆಯ ಕಾಲದ್ದು, ಆಗ ಅದರಲ್ಲಿ ಅರ್ಥವಿತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್‌ನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಇಟ್ಟರೆ ಅದು 450ರಲ್ಲಿ ಓಡುತ್ತಿತ್ತು. ಬಸ್ ವೇಗವನ್ನು ಗುಣಿಸುವ ಮಲ್ಟಿಪ್ಲೈಯರ್ 4.5, ಲೆಕ್ಕ ಅಷ್ಟೇ. ಪುಕ್ಕಟೆಯಾಗಿ ಅರ್ಧದಷ್ಟು ಹೆಚ್ಚು ವೇಗ. ಆಗ ಕಂಪನಿಗಳು ಚಿಪ್‌ನಲ್ಲಿ ಅಷ್ಟು ಜಾಗ ಬಿಟ್ಟಿರುತ್ತಿದ್ದವು. ಈಗಿನ ರೈಜನ್ ತನ್ನ ಬಿಸಿ, ಕರೆಂಟ್, ವೋಲ್ಟೇಜ್ ಎಲ್ಲವನ್ನೂ ತಾನೇ ಅಳೆದುಕೊಂಡು ಕ್ಷಣಕ್ಷಣಕ್ಕೂ ಎಷ್ಟು ಸಾಧ್ಯವೋ ಅಷ್ಟು ವೇಗಕ್ಕೆ ಹೋಗುತ್ತದೆ. ಉಳಿದಿರುವ ಜಾಗ ವೋಲ್ಟೇಜಿನ ಕೆಳಗಡೆ ಇದೆ, ಮೇಲ್ಗಡೆ ಅಲ್ಲ. ಪ್ರತಿ ಚಿಪ್‌ಗೂ ಎಎಂಡಿ ಸ್ವಲ್ಪ ಧಾರಾಳವಾಗಿ ವೋಲ್ಟೇಜ್ ಕೊಟ್ಟಿರುತ್ತದೆ, ಯಾಕೆಂದರೆ ಲಕ್ಷಾಂತರ ಚಿಪ್‌ಗಳಲ್ಲಿ ದುರ್ಬಲವಾದದ್ದೂ ತಪ್ಪಿಲ್ಲದೆ ಓಡಬೇಕು. ನಿಮ್ಮ ಚಿಪ್‌ಗೆ ಅಷ್ಟು ಬೇಡದಿದ್ದರೆ ಕಡಿಮೆ ಮಾಡಿ, ಅದು ಉಳಿದ ಶಕ್ತಿಯನ್ನು ವೇಗಕ್ಕೆ ಬಳಸಿಕೊಳ್ಳುತ್ತದೆ. ದುರ್ಬಲ ವಿಆರ್‌ಎಂ ಇರುವ ಬೋರ್ಡ್‌ಗೆ ಇದಕ್ಕಿಂತ ಸರಿಯಾದ ದಾರಿ ಇಲ್ಲ.

ಅದಕ್ಕೂ ಮೊದಲು ರ‍್ಯಾಮ್. 2400 ಎಂದು ತೋರಿಸುತ್ತಿರುವುದು ಸರಿಯಲ್ಲ, ಮತ್ತು ನೀವು ಕಳೆದುಕೊಳ್ಳುತ್ತಿರುವ ವೇಗದಲ್ಲಿ ದೊಡ್ಡ ಪಾಲು ಅಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ರ‍್ಯಾಮ್ ಪ್ಯಾಕೆಟ್ ಮೇಲೆ 3200 ಎಂದು ಇದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಅದರಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡುವ ತನಕ ಅನೇಕ ರ‍್ಯಾಮ್‌ಗಳು ಕಡಿಮೆ ವೇಗದಲ್ಲೇ ಓಡುತ್ತವೆ. ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ, ಕೆಲವದರಲ್ಲಿ ಎ-ಎಕ್ಸ್‌ಎಂಪಿ. ಎರಡು ರ‍್ಯಾಮ್ ಡ್ಯುಯಲ್ ಚಾನಲ್‌ನಲ್ಲಿ ಇದ್ದಾಗ 2400ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 38.4 ಜಿಬಿ ಹಾಯಬಹುದು, 3200ರಲ್ಲಿ 51.2 ಜಿಬಿ. ಅಷ್ಟೇ ಅಲ್ಲ, ಪ್ರೊಸೆಸರ್ ಒಳಗಿನ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ಹೆದ್ದಾರಿಯ ವೇಗವೂ ರ‍್ಯಾಮ್ ಜೊತೆ ಕಟ್ಟಿಕೊಂಡಿದೆ, ಅದೂ 1200ರಿಂದ 1600 ಮೆಗಾಹರ್ಟ್ಸ್‌ಗೆ ಏರುತ್ತದೆ. 5600 ಅಧಿಕೃತವಾಗಿಯೇ 3200ರ ತನಕ ಒಪ್ಪುತ್ತದೆ, ಹಾಗಾಗಿ ಇದು ದೊಡ್ಡ ಸಾಹಸವೇನಲ್ಲ. ಆನ್ ಮಾಡಿದ ಮೇಲೆ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಮುಂದೆ ಹೋಗಬೇಡಿ, ರ‍್ಯಾಮ್ ತಪ್ಪು ಮಾಡುತ್ತಿದ್ದರೆ ಆಮೇಲೆ ಬರುವ ಪ್ರತಿ ಕ್ರ್ಯಾಶ್‌ಗೂ ಪ್ರೊಸೆಸರ್‌ನ ಮೇಲೆ ಅನುಮಾನ ಪಡುತ್ತಾ ಕೂರಬೇಕಾಗುತ್ತದೆ.

ಈಗ ಅಳತೆ. ಪ್ರೊಸೆಸರ್ ಡಿಫಾಲ್ಟ್ ಸೆಟ್ಟಿಂಗ್‌ನಲ್ಲೇ ಇರಲಿ, ಅದಕ್ಕೆ ಪೂರ್ತಿ ಲೋಡ್ ಕೊಟ್ಟು ಸ್ಕೋರ್ ಹೇಳುವ ಸಿನಿಬೆಂಚ್ ಆರ್23 ಹಾಕಿ, ಹತ್ತು ನಿಮಿಷದ ಪರೀಕ್ಷೆ ಓಡಿಸಿ. ಸ್ಕೋರ್ ಬರೆದಿಟ್ಟುಕೊಳ್ಳಿ. ಎಚ್‌ಡಬ್ಲ್ಯೂಇನ್ಫೋದಲ್ಲಿ ವಿಆರ್‌ಎಂ ಅಥವಾ ಮಾಸ್ ಎಂಬ ಹೆಸರಿನಲ್ಲಿ ತಾಪಮಾನ ತೋರಿಸಿದರೆ ಅದನ್ನೂ ಬರೆದಿಟ್ಟುಕೊಳ್ಳಿ. ಕಡಿಮೆ ಬೆಲೆಯ ಎಷ್ಟೋ ಬೋರ್ಡ್‌ಗಳಲ್ಲಿ ಆ ಅಳತೆ ತೋರಿಸುವುದೇ ಇಲ್ಲ. ಹಾಗಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರಿಂದ ಎರವಲು ತನ್ನಿ, ಕಪ್ಪು ಮಾಸ್‌ಫೆಟ್ ಮೇಲೆ ಹಿಡಿಯಿರಿ, ಹೊಳೆಯುವ ಲೋಹದ ಮೇಲೆ ಹಿಡಿದರೆ ಅದು ತಪ್ಪು ತೋರಿಸುತ್ತದೆ. ಬೆರಳಿಟ್ಟು ನೋಡಲು ಹೋಗಬೇಡಿ. ಸುಡುತ್ತದೆ, ಮೇಲಾಗಿ ಓಡುತ್ತಿರುವ ಬೋರ್ಡ್ ಅದು.

ಎಷ್ಟು ಡಿಗ್ರಿ ಸರಿ? ಮಾಸ್‌ಫೆಟ್ ಚಿಪ್‌ಗಳು ಸಾಮಾನ್ಯವಾಗಿ 125, 150 ಡಿಗ್ರಿ ತನಕ ತಡೆಯುವ ಹಾಗೆ ಮಾಡಿರುತ್ತಾರೆ. ಆದರೆ ಅವುಗಳ ಪಕ್ಕದ ಕೆಪಾಸಿಟರ್‌ಗಳು ಅಷ್ಟು ಗಟ್ಟಿಯಲ್ಲ. ಸಾಮಾನ್ಯ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗೆ ಒಂದು ಹಳೆಯ ಲೆಕ್ಕವಿದೆ: ಪ್ರತಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ದಿನನಿತ್ಯದ ಬಳಕೆಯಲ್ಲಿ 90 ದಾಟಬಾರದು ಎಂದು ನಾನು ಇಟ್ಟುಕೊಂಡಿದ್ದೇನೆ. ಮೊದಲೊಮ್ಮೆ ನನ್ನ ಹತ್ತಿರ ಹೀಟ್‌ಸಿಂಕ್ ಇಲ್ಲದ ಒಂದು ಬೋರ್ಡ್ ಇತ್ತು. ವರ್ಷಗಟ್ಟಲೆ ಬಿಸಿಯಲ್ಲಿ ಓಡಿಸಿ, ಒಂದು ದಿನ ಬಿಚ್ಚಿ ನೋಡಿದರೆ ವಿಆರ್‌ಎಂ ಹಿಂಭಾಗದ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿತ್ತು. ಬೋರ್ಡ್ ಕೊನೆಯ ತನಕ ಒಂದೂ ಎಚ್ಚರಿಕೆ ಕೊಟ್ಟಿರಲಿಲ್ಲ. ಅಂದಿನಿಂದ ಪ್ರೊಸೆಸರ್ ತಾಪಮಾನಕ್ಕಿಂತ ಮೊದಲು ನಾನು ನೋಡುವುದು ವಿಆರ್‌ಎಂ ತಾಪಮಾನವನ್ನು.

ಆ ಜಾಗ ತಣ್ಣಗಾಗಲು ಸುಲಭದ ಉಪಾಯ ಒಂದು ಚಿಕ್ಕ ಫ್ಯಾನ್. 80 ಅಥವಾ 92 ಮಿಲಿಮೀಟರ್‌ನದು ಸಾಕು. ಗಾಳಿ ಮಾಸ್‌ಫೆಟ್‌ಗಳ ಮೇಲೆ ನೇರವಾಗಿ ಬೀಳುವ ಹಾಗೆ ಕಟ್ಟಿ, ನಿಧಾನವಾಗಿ ತಿರುಗಿದರೂ ವ್ಯತ್ಯಾಸ ಎದ್ದು ಕಾಣುತ್ತದೆ. ನಿಂತ ಗಾಳಿಗೂ ಹರಿಯುವ ಗಾಳಿಗೂ ಅಷ್ಟು ಅಂತರ. ಅಂಟಿಸುವ ಚಿಕ್ಕ ಹೀಟ್‌ಸಿಂಕ್‌ಗಳೂ ಸಿಗುತ್ತವೆ. ಅವನ್ನು ಹಾಕುವುದಾದರೆ ಮೇಲ್ಮೈಯನ್ನು ಆಲ್ಕೊಹಾಲ್‌ನಿಂದ ಚೆನ್ನಾಗಿ ಒರೆಸಿ, ಒಳ್ಳೆಯ ಥರ್ಮಲ್ ಟೇಪ್ ಬಳಸಿ. ಕೇಸ್ ಒಳಗೆ ಬೋರ್ಡ್ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ, ಬಿಸಿಗೆ ಅಂಟು ಸಡಿಲವಾದರೆ ಆ ಲೋಹದ ತುಂಡು ನೇರವಾಗಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುತ್ತದೆ. ಅದಕ್ಕೇ ನಾನು ಫ್ಯಾನ್ ಮೊದಲು ಅನ್ನುತ್ತೇನೆ.

ಈಗ ನಿಜವಾದ ಕೆಲಸ. ಬಯಾಸ್ ಹಳೆಯದಾಗಿದ್ದರೆ ಮೊದಲು ಹೊಸದು ಹಾಕಿ, ಯಾಕೆಂದರೆ ಬಿ450 ಬೋರ್ಡ್‌ಗಳಲ್ಲಿ 5000 ಸರಣಿಯ ಸೌಲಭ್ಯಗಳು ಆಮೇಲಿನ ಬಯಾಸ್‌ಗಳಲ್ಲಿ ಬಂದಿವೆ. ಪಿಬಿಒ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಪ್ರೊಸೆಸರ್‌ನ ಶಕ್ತಿ ಮತ್ತು ಕರೆಂಟಿನ ಮಿತಿಗಳನ್ನು ಬದಲಿಸುವ ಸೌಲಭ್ಯ) ಎಂಬ ಜಾಗ ಹುಡುಕಿ, ಅದನ್ನು ಅಡ್ವಾನ್ಸ್‌ಡ್ ಮಾಡಿ. ಲಿಮಿಟ್ ಎಂದು ಕೇಳುವಲ್ಲಿ ಮದರ್‌ಬೋರ್ಡ್ ಎಂದು ಮಾತ್ರ ಇಡಬೇಡಿ. ಹಾಗೆ ಇಟ್ಟರೆ ಬೋರ್ಡ್ ತನ್ನ ಶಕ್ತಿಗೆ ಮೀರಿದ ಸಂಖ್ಯೆಗಳನ್ನೂ ಹಾಕಿಕೊಳ್ಳಬಹುದು. ಮ್ಯಾನ್ಯುಯಲ್ ಮಾಡಿ, ಎಎಂಡಿಯವರದೇ ಸಂಖ್ಯೆ ಬರೆಯಿರಿ: ಪಿಪಿಟಿ (ಒಟ್ಟು ಶಕ್ತಿ, ವ್ಯಾಟ್‌ನಲ್ಲಿ) 76, ಟಿಡಿಸಿ (ನಿರಂತರ ಕರೆಂಟ್, ಆಂಪಿಯರ್‌ನಲ್ಲಿ) 60, ಇಡಿಸಿ (ಕ್ಷಣಕಾಲದ ಗರಿಷ್ಠ ಕರೆಂಟ್) 90. ವಿಆರ್‌ಎಂ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ ಬೇಕಿದ್ದರೆ ಪಿಪಿಟಿಯನ್ನು 85ರ ತನಕ ಒಯ್ಯಬಹುದು.

ಅದರ ಕೆಳಗೆ ಕರ್ವ್ ಆಪ್ಟಿಮೈಜರ್ ಇರುತ್ತದೆ, ಕೋರ್‌ಗಳಿಗೆ ಕೊಡುವ ವೋಲ್ಟೇಜನ್ನು ಇಳಿಸುವುದು ಇಲ್ಲೇ. ಎಲ್ಲ ಕೋರ್‌ಗಳಿಗೂ ನೆಗೆಟಿವ್ 10 ಇಟ್ಟು ಶುರು ಮಾಡಿ. ಒಂದೊಂದು ಹೆಜ್ಜೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆಯಾಗುತ್ತದೆ, 30ರ ತನಕ ಹೋಗಬಹುದು, ಆದರೆ ಎಲ್ಲ ಚಿಪ್‌ಗಳೂ ಅಲ್ಲಿ ತನಕ ಬರುವುದಿಲ್ಲ. 10ರಲ್ಲಿ ಸರಿಯಿದ್ದರೆ 15, ಆಮೇಲೆ 20. ಪ್ರತಿ ಸಲವೂ ಸಿನಿಬೆಂಚ್ ಓಡಿಸಿ, ಹಳೆಯ ಸ್ಕೋರ್ ಜೊತೆ ಇಟ್ಟು ನೋಡಿ. ಸ್ಕೋರ್ ಏರುತ್ತಾ ಹೋಗಬೇಕು. ಗಿಗಾಹರ್ಟ್ಸ್ ಹೆಚ್ಚು ತೋರಿಸಿ ಸ್ಕೋರ್ ಮಾತ್ರ ಬಿದ್ದರೆ ವೋಲ್ಟೇಜ್ ಸಾಲದೆ ಚಿಪ್ ಒಳಗೊಳಗೇ ನಿಧಾನಿಸುತ್ತಿದೆ ಎಂದು ತಿಳಿಯಿರಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ಎಫೆಕ್ಟಿವ್ ಕ್ಲಾಕ್ (ನಿಜವಾಗಿ ಓಡಿದ ವೇಗ) ಎಂಬ ಸಾಲು ಅದನ್ನು ಬಯಲು ಮಾಡುತ್ತದೆ.

ಇಲ್ಲೊಂದು ಎಚ್ಚರ. ಕರ್ವ್ ಆಪ್ಟಿಮೈಜರ್‌ನಲ್ಲಿ ಜಾಸ್ತಿ ಇಳಿಸಿದಾಗ ಪೂರ್ತಿ ಲೋಡ್‌ನಲ್ಲಿ ಕ್ರ್ಯಾಶ್ ಆಗದೇ ಇರಬಹುದು. ಸಿನಿಬೆಂಚ್ ಗಂಟೆಗಟ್ಟಲೆ ಓಡಿಬಿಡುತ್ತದೆ, ಆಮೇಲೆ ನೀವು ಸುಮ್ನೆ ಬ್ರೌಸರ್ ತೆರೆದು ಕೂತಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಕಾರಣ, ಒಂದೇ ಕೋರ್ ಮೇಲಿನ ಹಗುರ ಕೆಲಸದಲ್ಲಿ ವೇಗ ಅತಿ ಹೆಚ್ಚು ಇರುತ್ತದೆ, ಕಡಿಮೆ ವೋಲ್ಟೇಜ್ ಸಾಲದೇ ಹೋಗುವುದು ಅಲ್ಲೇ. ಇದನ್ನು ಹಿಡಿಯಲು ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ಇದೆ. ಒಂದೊಂದೇ ಕೋರನ್ನು ಸರದಿ ಮೇಲೆ ಪರೀಕ್ಷಿಸಿ, ಯಾವ ಕೋರ್ ತಪ್ಪು ಮಾಡಿತು ಎಂದು ಹೇಳುತ್ತದೆ. ರಾತ್ರಿ ಬಿಟ್ಟು ಮಲಗಿ. ತಪ್ಪಿದ ಕೋರ್‌ಗೆ ಮಾತ್ರ ನಾಲ್ಕೈದು ಹೆಜ್ಜೆ ವಾಪಸ್ ಕೊಡಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ ಹೆಸರಿನ ಹಾರ್ಡ್‌ವೇರ್ ತಪ್ಪುಗಳಿವೆಯಾ ಎಂದು ವಾರಕ್ಕೊಮ್ಮೆ ನೋಡುತ್ತಿರಿ. ಒಂದು ಇದ್ದರೂ ನಿಮ್ಮ ಸೆಟ್ಟಿಂಗ್ ಇನ್ನೂ ಗಟ್ಟಿಯಾಗಿಲ್ಲ.

ಇದೆಲ್ಲ ಸ್ಥಿರವಾದ ಮೇಲೆ ಪಿಬಿಒದಲ್ಲಿ ಬೂಸ್ಟ್ ಓವರ್‌ರೈಡ್ ಎಂಬಲ್ಲಿ ಮೊದಲು 100, ಆಮೇಲೆ 200 ಮೆಗಾಹರ್ಟ್ಸ್ ಕೊಟ್ಟು ನೋಡಿ. 5600ರ ಬೂಸ್ಟ್, ಅಂದರೆ ಅದು ತಾನಾಗಿ ಏರುವ ಗರಿಷ್ಠ ವೇಗ, 4.4 ಗಿಗಾಹರ್ಟ್ಸ್. ಅದಕ್ಕೆ 200 ಸೇರಿಸಿದರೆ 4.6. ನೀವು 1.4 ವೋಲ್ಟ್ ಕೊಟ್ಟು ಹುಡುಕುತ್ತಿದ್ದ ಸಂಖ್ಯೆ ಅದೇ! ಹೌದು, ಆರೂ ಕೋರ್ ಪೂರ್ತಿ ಕೆಲಸ ಮಾಡುವಾಗ ಅಷ್ಟು ಬರುವುದಿಲ್ಲ. ಆದರೆ ಗೇಮ್‌ಗಳಲ್ಲಿ ಆರೂ ಕೋರ್ ಪೂರ್ತಿ ದುಡಿಯುವುದು ಅಪರೂಪ, ಅಲ್ಲಿ ಅದರ ಹತ್ತಿರಕ್ಕೆ ಬರುತ್ತದೆ, ಬೋರ್ಡ್ ಮೇಲೆ ಆ ಭಾರ ಇಲ್ಲದೆ.

ನೀವು ಮಾಡಬಾರದ ಒಂದೆರಡು. ಲೋಡ್‌ಲೈನ್ ಕ್ಯಾಲಿಬ್ರೇಶನ್ ಅಥವಾ ಎಲ್ಎಲ್‌ಸಿಯನ್ನು ಅತಿ ಹೆಚ್ಚಿನ ಹಂತಕ್ಕೆ ಇಡಬೇಡಿ. ಲೋಡ್ ಬಿದ್ದಾಗ ವೋಲ್ಟೇಜ್ ಸ್ವಲ್ಪ ಇಳಿಯುವುದು ಸಹಜ, ಅದನ್ನು ಬಲವಂತವಾಗಿ ತಡೆದರೆ ಲೋಡ್ ಹೋದ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಆಟೋದಲ್ಲೇ ಬಿಡಿ. ಪ್ರೊಸೆಸರ್‌ನ ಪವರ್ ಕನೆಕ್ಟರ್‌ಗೆ ಮೋಲೆಕ್ಸ್‌ನಿಂದ (ಹಳೆಯ ನಾಲ್ಕು ಪಿನ್ ಕನೆಕ್ಟರ್‌ನಿಂದ) ಬರುವ ಅಡಾಪ್ಟರ್ ಹಾಕಬೇಡಿ. ಪ್ರೊಕ್‌ಹಾಟ್ ಅನ್ನು ಆಫ್ ಮಾಡುವ ದಾರಿ ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ, ಇಷ್ಟು ದಿನ ನಿಮ್ಮ ಬೋರ್ಡ್ ಉಳಿದಿರುವುದೇ ಅದರಿಂದ.

ಏನೋ ತಪ್ಪಾಗಿ ಪರದೆಯೇ ಬಾರದಿದ್ದರೆ ಗಾಬರಿಯಾಗಬೇಡಿ. ಪವರ್ ಕೇಬಲ್ ಕಿತ್ತು, ಬೋರ್ಡ್ ಮೇಲಿನ ದುಂಡು ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಬಯಾಸ್ ಮೊದಲಿನಂತಾಗುತ್ತದೆ. ನಿಮ್ಮ ಸೆಟ್ಟಿಂಗ್ ಎಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಂಡಿರಿ. ಇನ್ನೊಂದು ವಿಷಯವನ್ನೂ ತಿಳಿದೇ ಮುಂದೆ ಹೋಗಿ: ಪಿಬಿಒ, ಕರ್ವ್ ಆಪ್ಟಿಮೈಜರ್ ಎರಡೂ ಎಎಂಡಿಯೇ ಕೊಟ್ಟಿರುವ ಸೌಲಭ್ಯವಾದರೂ ಅವುಗಳಿಂದ ಆಗುವ ಹಾನಿಗೆ ವಾರಂಟಿ ಇಲ್ಲ.

ಬೋರ್ಡ್ ಬದಲಿಸಬೇಕಾ ಎಂದು ಕೇಳಿದಿರಿ. ಈಗ ಬೇಡ. ನಿಮ್ಮದು ಬಿ450, ಅದರಲ್ಲಿ ಇಷ್ಟೆಲ್ಲ ಮಾಡಲು ಅವಕಾಶ ಇದೆ. ಎ320, ಎ520 ಬೋರ್ಡ್ ಆಗಿದ್ದರೆ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ದಾರಿಯೇ ಇರುತ್ತಿರಲಿಲ್ಲ. ನಿಮ್ಮ ಗೇಮ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ಎಷ್ಟು ಬಳಕೆಯಾಗುತ್ತಿದೆ ನೋಡಿ. ಅದು 97, 98 ಶೇಕಡಾದಲ್ಲಿ ನಿಂತಿದ್ದರೆ ಯಾವ ಬೋರ್ಡ್ ತಂದು, ಪ್ರೊಸೆಸರ್ ಎಷ್ಟು ಏರಿಸಿದರೂ ಫ್ರೇಮ್ ಹೆಚ್ಚುವುದಿಲ್ಲ. ಮುಂದೊಂದು ದಿನ ಎಂಟೋ ಹನ್ನೆರಡೋ ಕೋರ್‌ನ, 105 ವ್ಯಾಟ್ ವರ್ಗದ ಪ್ರೊಸೆಸರ್ ಹಾಕುವ ಯೋಚನೆ ಇದ್ದರೆ ಆಗ ಬೋರ್ಡ್ ಬದಲಿಸಿ, ಯಾಕೆಂದರೆ ಅವುಗಳ ಮಿತಿ 142 ವ್ಯಾಟ್, ಹೀಟ್‌ಸಿಂಕ್ ಇಲ್ಲದ ನಾಲ್ಕು ಫೇಸ್‌ಗಳಿಗೆ ಅದು ಡಿಫಾಲ್ಟ್‌ನಲ್ಲೇ ಭಾರ. ಅಲ್ಲಿಯ ತನಕ ಒಂದು ಚಿಕ್ಕ ಫ್ಯಾನ್ ತಂದು ಆ ಮೂಲೆಗೆ ಕಟ್ಟಿ. ಎಕ್ಸ್‌ಎಂಪಿ ಆನ್ ಮಾಡಿ ಹತ್ತು ನಿಮಿಷದ ಪರೀಕ್ಷೆ ಓಡಿಸಿದಾಗ ವಿಆರ್‌ಎಂ ಎಷ್ಟು ಡಿಗ್ರಿ ತೋರಿಸಿತು ಎಂದು ನನಗೆ ಬರೆಯಿರಿ. ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲಿ ತನಕ ಹೋಗಬಹುದು ಎಂದು ಆ ಸಂಖ್ಯೆ ನೋಡಿ ಹೇಳುತ್ತೇನೆ.